ಮಣ್ಣುಮುಕ್ಕನಿಗೆ ಮಣ್ಣು

ಫೆಬ್ರುವರಿ 9, ಭಾನುವಾರ
ಸಮರ್‌ಸೆಟ್

ಬೆಳಿಗ್ಗೆ ಎದ್ದು ಹಾವಿಗೆ ನೀರಿಟ್ಟೆ. ನಾನು ಮಲಗುವ ಕೋಣೆಯಲ್ಲೇ ಅದರ ಗಾಜಿನ ಪೆಟ್ಟಿಗೆ ಇದೆ. ಸರಿಯಾಗಿ ಹೇಳಬೇಕೆಂದರೆ ಅದರ ಕೋಣೆಯಲ್ಲಿ ನಾನು ಮಲಗುತ್ತಿದ್ದೇನೆ. ಇದು ಮಗ ಅತುಲ್ ಮನೆಯಿಂದ ಕೆಲಸ ಮಾಡಲು ಇಟ್ಟುಕೊಂಡಿದ್ದ ಕೋಣೆ. ಮೇಜು, ಕುರ್ಚಿ, ಎರಡು ಮಾನಿಟರ್, ಕಿಟಕಿಯ ಪಕ್ಕಕ್ಕೆ ಈ ಪೆಟ್ಟಿಗೆ. ನವೆಂಬರಿನಲ್ಲಿ ಅವನು ತೀರಿಕೊಂಡ ಮೇಲೆ ಸೊಸೆ ಹಾವಿನ ಕೆಲಸವಿದ್ದಾಗ ಮಾತ್ರ ಒಳಗೆ ಬರುತ್ತಾಳೆ. ಬಂದರೂ ಕುರ್ಚಿಯ ಕಡೆ ನೋಡುವುದಿಲ್ಲ.

ನಮ್ಮ ಕಡೆ ಇಂಥ ಹಾವಿಗೆ ಮಣ್ಣುಮುಕ್ಕ ಅನ್ನುತ್ತಾರೆ. ಈ ಜಾತಿ ಆಫ್ರಿಕಾದ್ದಂತೆ. ಮೊಳಕ್ಕಿಂತ ಸ್ವಲ್ಪ ಉದ್ದ, ಕಿತ್ತಳೆ ಮೈಮೇಲೆ ಕಂದು ಮಚ್ಚೆ, ಹೆಬ್ಬೆರಳಿನಂಥ ಮೊಂಡು ಬಾಲ. ವಿಷವಿಲ್ಲ. ಮಲಪ್ರಭಾ ಕಾಲುವೆಯ ಕೆಲಸದಲ್ಲಿ ಮಣ್ಣಿನ ಪರೀಕ್ಷೆಗೆಂದು ಗುಂಡಿ ತೋಡಿಸುವಾಗ ಇದರ ದಾಯಾದಿಗಳನ್ನು ಎಷ್ಟೋ ಸಲ ಕಂಡಿದ್ದೇನೆ. ಜನ್ಮವೆಲ್ಲ ಮಣ್ಣು ಪರೀಕ್ಷೆ ಮಾಡಿದ ಎಂಜಿನಿಯರನ ಮಗ ಮಣ್ಣಿನ ಹಾವು ಸಾಕಿದ್ದ. ಅದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಅದಕ್ಕೆ ಹುಗ್ಗಿ ಎಂದು ಹೆಸರಿಟ್ಟಿದ್ದನಂತೆ. ನಮ್ಮ ಧಾರವಾಡದ ಗೋಧಿ ಹುಗ್ಗಿಯ ಬಣ್ಣವೇ ಹೌದು.

ತಿಂಡಿಯ ಹೊತ್ತಿಗೆ ಸೊಸೆ ಹೇಳಿದಳು: "ಮಾವ, ಪಕ್ಕದ ಊರು ಪಿಸ್ಕಾಟವೇಲಿ ಜಯ್ ಅಂತ ಒಬ್ಬ ಗ್ರ್ಯಾಡ್ ಸ್ಟೂಡೆಂಟ್ ಇದಾನೆ. ಅತುಲ್‌ಗೆ ಗೊತ್ತಿದ್ದವನು. ಹಾವು ಸಾಕ್ತಾನೆ. ಹುಗ್ಗೀನ ತಗೋತಾನಂತೆ. ಮುಂದಿನ ವಾರ ಬರ್ತಾನೆ."

"ಆತು," ಎಂದೆ.

ಅವಳು ಲ್ಯಾಪ್‌ಟಾಪ್ ಹಿಡಿದು ಮಹಡಿಗೆ ಹೋದಳು, ನಾನು ತಟ್ಟೆ ತೊಳೆದೆ.

ಮಗ ಎರಡು ವಾರ ಕೆಮ್ಮಿದನಂತೆ. ಒಂದೇ ಸೂರಿನಡಿ ಇದ್ದವಳಿಗೆ ಎರಡು ವಾರ ಏನೂ ಅನ್ನಿಸಲಿಲ್ಲ. ನಾನು ವಿಮಾನ ಇಳಿದು ಆಸ್ಪತ್ರೆಗೆ ಹೋದಾಗ ಬಾಯಿಗೆ ಕೊಳವೆ ಹಾಕಿ ಮಲಗಿಸಿದ್ದರು. ಇದನ್ನು ಯಾರಿಗೆ ಹೇಳಲಿ. ಇಲ್ಲಿ ಬರೆದಿಡುತ್ತೇನೆ.

ಫೆಬ್ರುವರಿ 13, ಗುರುವಾರ

ಮಧ್ಯಾಹ್ನ ಪತ್ರಿಕೆ ಓದುತ್ತಿದ್ದಾಗ ಕೋಣೆಯಲ್ಲಿ ಸಣ್ಣ ಸಿಳ್ಳೆಯಂಥ ಸದ್ದು. ಹೀಟರ್ ಇರಬೇಕೆಂದು ಎದ್ದು ನೋಡಿದೆ. ಅಲ್ಲ. ಸದಾ ಹಾಸಿನೊಳಗೆ ಹುದುಗಿರುವ ಹಾವು ಮೇಲೆ ಬಂದು, ತಲೆಯೆತ್ತಿ, ಬಾಯಿ ತುಸು ತೆರೆದು ಕೂತಿತ್ತು. ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಬಂತು, ಒಡೆಯಿತು, ಮತ್ತೆ ಬಂತು.

ಸೊಸೆಯನ್ನು ಕರೆದೆ. ಅವಳು ಬಾಗಿಲಲ್ಲೇ ನಿಂತು ಆ ಸದ್ದು ಕೇಳಿದಳು. "ಇದಕ್ಕೂನಾ," ಎಂದಳು. ಅಷ್ಟೇ ಅಂದದ್ದು. ಆಮೇಲೆ ಕೆಳಗೆ ಫೋನಿನಲ್ಲಿ ಡಾಕ್ಟರ್ ಹುಡುಕುತ್ತಿದ್ದದ್ದು ಕೇಳಿಸಿತು. ಹಾವು ನೋಡುವ ಡಾಕ್ಟರು ಎಲ್ಲ ಕಡೆ ಇಲ್ಲ. ಜಯ್‌ಗೂ ತಿಳಿಸಿದಳು. ಕಾಯಿಲೆಯ ಹಾವನ್ನು ತನ್ನ ಬೇರೆ ಹಾವುಗಳ ನಡುವೆ ಇಡಲಾಗದು, ಗುಣವಾದ ಮೇಲೆ ಖಂಡಿತ ತಗೊಳ್ಳುತ್ತೇನೆ ಅಂದನಂತೆ. ಅವನು ಹೇಳಿದ್ದು ಸರಿಯೇ.

ಫೆಬ್ರುವರಿ 15, ಶನಿವಾರ

ಹಾವನ್ನು ಕೈಯಿಂದ ಮುಟ್ಟದೆ ಒಂದು ರಟ್ಟಿನಲ್ಲಿ ಎತ್ತಿ ದಿಂಬಿನ ಚೀಲದಲ್ಲಿ ಹಾಕಿ, ಚೀಲವನ್ನು ಒಂದು ಡಬ್ಬಿಯಲ್ಲಿಟ್ಟು, ಪಕ್ಕಕ್ಕೆ ಬಿಸಿನೀರಿನ ಬಾಟಲಿ ಇಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಸೊಸೆ ಡ್ರೈವ್ ಮಾಡಿದಳು. ಹೊರಗೆ ರಸ್ತೆಯ ಅಂಚಿಗೆ ಹಳೆಯ ಹಿಮ ಕಪ್ಪಾಗಿ ಬಿದ್ದಿತ್ತು.

ಡಾಕ್ಟರ ಹೆಸರು ಮಾರ್ಗರೆಟ್. ನನ್ನ ವಯಸ್ಸಿನ ಹೆಂಗಸು. ಹಾವಿನ ಬಾಯಿ ತೆರೆಸಿ ನೋಡಿದರು, ಎದೆಯ ಹತ್ತಿರ ಒಂದು ಪುಟ್ಟ ಯಂತ್ರ ಹಿಡಿದು ಕೇಳಿದರು. ಶ್ವಾಸಕೋಶಕ್ಕೆ ಸೋಂಕು ತಗುಲಿದೆ ಎಂದರು. ಆಮೇಲೆ ದಿಂಬಿನ ಚೀಲವನ್ನು ಮೂಗಿನ ಹತ್ತಿರ ಹಿಡಿದು, ಪೆಟ್ಟಿಗೆಗೆ ಹಾಸಿರುವುದು ಏನು ಎಂದು ಕೇಳಿದರು. ಸೊಸೆ ಹಾಸಿನ ಚೀಲದ ಫೋಟೋ ತೋರಿಸಿದಳು.

"ಇದು ಸೀಡರ್ ಮರದ ಚಕ್ಕೆ," ಎಂದರು ಡಾಕ್ಟರು. "ಇದರ ಪರಿಮಳವೇ ಹಾವಿಗೆ ತೊಂದರೆ. ಆ ಮರದ ಎಣ್ಣೆಯ ಆವಿ ಉಸಿರಿನ ದಾರಿಯನ್ನು ಕೆರಳಿಸುತ್ತದೆ. ಎಲ್ಲ ಹಾವಿಗೂ ಕೆಟ್ಟದ್ದೇ. ಆದರೆ ಇವಳು ದಿನವಿಡೀ ಮೂಗನ್ನೂ ಒಳಗಿಟ್ಟುಕೊಂಡು ಅದರಲ್ಲೇ ಬದುಕುವವಳು. ಎಷ್ಟು ದಿನದಿಂದ ಇದೆ? ಇದನ್ನು ಆರಿಸಿದ್ದು ಯಾರು?"

ಗದರಿಸಿ ಕೇಳಿದ್ದಲ್ಲ. ಚಿಕಿತ್ಸೆಗೆ ಬೇಕಿದ್ದ ವಿವರ. ನಾನು ಸೊಸೆಯ ಕಡೆ ನೋಡಿದೆ. ಅವಳ ಕೈ ಫೋನನ್ನು ಹಿಡಿದ ರೀತಿಯನ್ನು ನಾನು ಮೊದಲೊಮ್ಮೆ ನೋಡಿದ್ದೆ, ಐಸಿಯು ಹೊರಗಿನ ಸೋಫಾದ ಮೇಲೆ.

"ನಾನೇ ತಂದದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಡಿಸೆಂಬರಿನಲ್ಲಿ. ಪೆನ್ಸಿಲ್ ಕೆತ್ತಿದ ವಾಸನೆ ಬರುತ್ತಿತ್ತು, ಚೆನ್ನಾಗಿದೆ ಎಂದುಕೊಂಡೆ."

"ಆ ಚೀಲದ ಹಿಂಬದಿ ಯಾರೂ ಓದುವುದಿಲ್ಲ," ಎಂದು ಡಾಕ್ಟರು ಇಂಜೆಕ್ಷನ್ ತಯಾರು ಮಾಡಿದರು.

ಕಾರಿನಲ್ಲಿ ಕೂತ ಮೇಲೂ ಸೊಸೆ ಚಾವಿ ತಿರುಗಿಸಲಿಲ್ಲ.

"ಮಾವ, ಆ ಅಂಗಡಿ ಎಲ್ಲಿದೆ ಅಂತಾನೂ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ," ಎಂದೆ. "ಗಾಡಿ ಬಿಡವಾ. ಹಾವಿಗೆ ಥಂಡಿ ಆಗತದ."

ತಂದದ್ದು ನಾನೇ ಎಂದು ಯಾಕೆ ಹೇಳಿದೆನೋ. ಡಾಕ್ಟರ ಹೊತ್ತು ಹಾಳಾಗಬಾರದೆಂದು ಇರಬೇಕು.

ಫೆಬ್ರುವರಿ 16, ಭಾನುವಾರ

ಚಕ್ಕೆಯನ್ನೆಲ್ಲ ಚೀಲಕ್ಕೆ ತುಂಬಿ ಹೊರಗಿಟ್ಟು, ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಕಿಟಕಿ ತೆರೆದಿಟ್ಟೆವು. ಕೋಣೆ ಫ್ರಿಜ್ಜಿನಂತಾಯಿತು. ವಾಸನೆ ಹೋಗುವವರೆಗೆ ಹಾವನ್ನು ಊಟದ ಮನೆಯಲ್ಲಿ ಇಟ್ಟಿದ್ದೆವು. ಗುಣವಾಗುವತನಕ ಕಾಗದದ ಟವೆಲ್ ಮಾತ್ರ ಹಾಸಬೇಕು, ಬೇರೇನೂ ಬೇಡ ಎಂದು ಡಾಕ್ಟರ ಅಪ್ಪಣೆ.

ಇಂಜೆಕ್ಷನ್ ಮನೆಯಲ್ಲೇ ಕೊಡಬೇಕು. ನಾನು ಹಿಡಿಯುವುದು, ಸೊಸೆ ಚುಚ್ಚುವುದು ಎಂದಾಯಿತು. ಹಾವನ್ನು ಮುಟ್ಟಿದ್ದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ತಣ್ಣಗೆ ಜಿಗುಟಾಗಿರುತ್ತದೆ ಎಂದುಕೊಂಡಿದ್ದೆ. ಒಣಗಿದ ಹೆಸರುಕಾಳಿನ ಚೀಲದಲ್ಲಿ ಕೈಯಿಟ್ಟ ಹಾಗಿತ್ತು.

ಫೆಬ್ರುವರಿ 20, ಗುರುವಾರ

ಕಾಗದದ ಮೇಲೆ ಅದಕ್ಕೆ ನೆಮ್ಮದಿಯಿಲ್ಲ. ತಲೆಯನ್ನು ಟವೆಲಿನಡಿ ತೂರಿಸುತ್ತದೆ, ಬಾಲ ಹೊರಗುಳಿಯುತ್ತದೆ. ಬಾಲ ಒಳಗೆಳೆದರೆ ತಲೆ ಹೊರಗೆ. ಗಾಜಿನ ಮೂಲೆಗೆ ಮೂಗು ಒತ್ತಿ ಒತ್ತಿ ನೋಡುತ್ತದೆ. ಅಗೆಯುವುದಕ್ಕೇ ಹುಟ್ಟಿದ ಜೀವ, ಅಗೆಯಲು ಏನೂ ಇಲ್ಲ.

ಸಿಳ್ಳೆ ಕಡಿಮೆಯಾಗಿದೆ. ಉಣ್ಣುತ್ತಿಲ್ಲ.

ಫೆಬ್ರುವರಿ 27, ಗುರುವಾರ

ಗುಣವಾದ ಮೇಲೆ ಇವಳಿಗೆ ಹಾಸುವುದು ಏನನ್ನು? ಈ ವಾರವೆಲ್ಲ ಅದೇ ಯೋಚನೆ. ಹೊತ್ತು ಹೋದದ್ದು ತಿಳಿಯಲಿಲ್ಲ.

ಅಂಗಡಿಯಲ್ಲಿ ಹಾವಿನ ಚಿತ್ರ ಹಾಕಿ ಸುಣ್ಣದ ಮರಳು ಮಾರುತ್ತಾರೆ. ಊಟದ ಜೊತೆ ಹೊಟ್ಟೆಗೆ ಹೋದರೆ ಗಟ್ಟಿಯಾಗಿ ಕರುಳು ಕಟ್ಟುವ ಅಪಾಯವಿದೆಯಂತೆ. ಬೇಡ. ಪೈನ್ ಚಕ್ಕೆಯೂ ಸೀಡರಿನ ತಮ್ಮನೇ, ಬೇಡ. ಅಕ್ರೋಟದ ಸಿಪ್ಪೆಯ ಪುಡಿ ಚೂಪು. ತೆಂಗಿನ ನಾರಿನ ಪುಡಿ ತೇವ ಹಿಡಿಯುತ್ತದೆ, ಇವಳು ಒಣ ನಾಡಿನವಳು. ಬರೀ ಮರಳು ಧೂಳೆಬ್ಬಿಸುತ್ತದೆ, ಬಿಲವೂ ನಿಲ್ಲುವುದಿಲ್ಲ.

ಇವತ್ತು ಮರುಪರೀಕ್ಷೆಗೆ ಹೋದಾಗ ಡಾಕ್ಟರನ್ನೇ ಕೇಳಿದೆ. ಆಸ್ಪೆನ್ ಮರದ ಚಕ್ಕೆ ಹಾಕಿ, ಅದರಲ್ಲಿ ವಾಸನೆಯ ಎಣ್ಣೆ ಇಲ್ಲ, ಬಿಲವೂ ಮಾಡಬಹುದು, ನಾನು ಎಲ್ಲರಿಗೂ ಅದನ್ನೇ ಹೇಳುವುದು ಎಂದರು.

"ಮಣ್ಣು ಹಾಕಿದರೆ?" ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು. "ಹಾಕಬಹುದು. ಆದರೆ ಕೆಲಸ ಜಾಸ್ತಿ. ಗೊಬ್ಬರ, ಔಷಧ ಯಾವುದೂ ಇರಬಾರದು. ಒಣಗಿರಬೇಕು, ಧೂಳಾಡಬಾರದು, ಕುಸಿಯಬಾರದು. ಉಸಿರು ಮತ್ತೆ ಕೆಟ್ಟರೆ ಆ ದಿನವೇ ಕಾಗದಕ್ಕೆ ವಾಪಸ್."

ಧೂಳಾಡದ, ಕುಸಿಯದ ಮಣ್ಣು. ಅದಕ್ಕಾಗಿಯೇ ಸರ್ಕಾರ ನನಗೆ ಸಂಬಳ ಕೊಟ್ಟಿತ್ತು.

"ಆಸ್ಪೆನ್ ಹಾಕಿ ಮುಗಿಸೋಣ ಮಾವ," ಎಂದಳು ಸೊಸೆ ದಾರಿಯಲ್ಲಿ. "ಹೇಗಿದ್ರೂ ಜಯ್‌ಗೆ ಕೊಡೋದು ತಾನೇ."

"ಕೊಡೂತನಕ ಇರ್ಲಿ," ಎಂದೆ.

ಮಾರ್ಚ್ 4, ಮಂಗಳವಾರ

ಹಿತ್ತಲಿನ ಮಣ್ಣು ಸ್ವಲ್ಪ ಸಡಿಲಾಗಿದೆ ಎಂದು ಕೈಸಲಿಕೆ ಹಿಡಿದು ಕೂತಿದ್ದೆ. ಪಕ್ಕದ ಮನೆಯ ಟೋನಿ ಬೇಲಿಯ ಆಚೆಯಿಂದ ಏನು ನೆಡುತ್ತೀರಿ, ಇನ್ನೂ ಚಳಿಯಿದೆ ಎಂದ. ಹಾವಿಗೆ ಎಂದೆ. ಅವನು "ಅತುಲ್‌ನ ಹಾವು ಇನ್ನೂ ಇದೆಯೇ?" ಎಂದು ಕೇಳಿದ. ಆಮೇಲೆ ಹೇಳಿದ, ಈ ಸಾಲಿನ ಹುಲ್ಲಿಗೆಲ್ಲ ಪ್ರತಿ ವರ್ಷ ಹುಳದ ಔಷಧ ಹೊಡೆಯುತ್ತಾರೆ, ಆ ಮಣ್ಣು ಮುಟ್ಟಬೇಡಿ ಎಂದು. ಒಳ್ಳೆಯದಾಯಿತು. ಚೀಲದ ಮಣ್ಣೇ ತರಬೇಕು, ಗೊಬ್ಬರ ಬೆರೆಸದ್ದು.

ಅತುಲ್ ಹಿಮ ಬಿದ್ದಾಗಲೆಲ್ಲ ಟೋನಿಯ ಮನೆಯ ಮುಂದಿನದನ್ನೂ ತೆಗೆದುಕೊಡುತ್ತಿದ್ದ ಎಂದೂ ಹೇಳಿದ. ನಮ್ಮ ಮನೆಯಲ್ಲಿ ಒಂದು ಲೋಟ ಎತ್ತಿಡುತ್ತಿರಲಿಲ್ಲ.

ಮಾರ್ಚ್ 8, ಶನಿವಾರ

ಅಡುಗೆಮನೆಯಲ್ಲಿ ಪತ್ರಿಕೆ ಹಾಸಿ ಮಣ್ಣು ಜರಡಿ ಹಿಡಿಯುತ್ತಿದ್ದೆ. ಸೊಸೆ ಕೆಳಗಿಳಿದು ಬಂದಳು.

"ಮಾವ, ಅದು ಚಪಾತಿ ಹಿಟ್ಟಿನ ಜರಡಿ."

ಹೌದು, ಅದೇ ಆಗಿತ್ತು. ತೊಳೆದು ಕೊಡತೇನಿ ಅಂದೆ. ಅವಳು ಮಣ್ಣು ಮೆತ್ತಿದ ನನ್ನ ಕನ್ನಡಕ ನೋಡಿದಳು, ಜರಡಿ ನೋಡಿದಳು, ಕಾಫಿ ಬಟ್ಟಲುಗಳಲ್ಲಿ ನಾನು ಸಾಲಾಗಿ ಕಲಸಿಟ್ಟಿದ್ದ ಮಣ್ಣಿನ ಮಾದರಿಗಳನ್ನು ನೋಡಿದಳು. ಮೊದಲು ಮೂಗಿನಲ್ಲಿ ಒಂದು ಸದ್ದು, ಆಮೇಲೆ ನಗು. ಅವಳ ನಗು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಸಿಂಕಿನ ಕಡೆ ತಿರುಗಿ ನಿಂತಳು. ಬಹಳ ಹೊತ್ತು ಆ ಕಡೆಗೇ ನಿಂತಿದ್ದಳು. ನಾನು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

ಸಂಜೆ ಅಂಗಡಿಗೆ ಹೋಗಿ ಹಿಟ್ಟಿಗೆ ಹೊಸ ಜರಡಿ ತಂದಳು. ಹಳೆಯದು ಮಣ್ಣಿಗೇ ಇರಲಿ ಅಂದಳು. ಬಟ್ಟಲುಗಳ ಬಗ್ಗೆ ಏನೂ ಅನ್ನಲಿಲ್ಲ.

ಮಾರ್ಚ್ 16, ಭಾನುವಾರ

ಮೊದಲ ಮಿಶ್ರಣದಲ್ಲಿ ಮರಳು ಹೆಚ್ಚಾಯಿತು. ಪೊರಕೆಯ ಹಿಡಿಯನ್ನು ಒತ್ತಿ ಬಿಲ ಮಾಡಿ ಎಳೆದುಕೊಂಡರೆ ಬಾಯಿ ಮುಚ್ಚಿತು. ಎರಡನೆಯದಕ್ಕೆ ಜೇಡಿ ಸೇರಿಸಿದೆ. ಒಣಗಿದಾಗ ಇಟ್ಟಿಗೆಯಾಯಿತು. ಇವತ್ತಿನದು ಪರವಾಗಿಲ್ಲ. ತುಸು ತೇವ ಮಾಡಿ, ಒತ್ತಿ, ಒಣಗಲು ಬಿಟ್ಟರೆ ಬಿಲ ನಿಲ್ಲುತ್ತದೆ, ಹಾವು ತಳ್ಳಿದರೆ ದಾರಿಯೂ ಬಿಡುತ್ತದೆ.

ಸೊಸೆ ಗಾರ್ಗಿ ಕೋಣೆಗೆ ಚಹಾ ತಂದು, ಒಂದು ಲೋಟ ನನಗೆ ಕೊಟ್ಟು, ಇನ್ನೊಂದು ಹಿಡಿದು ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಯಾವ ಕುರ್ಚಿ ಎಂಬುದು ಇಬ್ಬರ ಗಮನಕ್ಕೂ ಬಂತು. ಅವಳು ಏಳಲಿಲ್ಲ. ಬೆರಳಿನಿಂದ ಮಣ್ಣನ್ನು ಒತ್ತಿ ನೋಡಿದಳು.

"ಅತುಲ್ ಇದನ್ನೆಲ್ಲ ನಿಮ್ಮನ್ನೇ ಕೇಳಬಹುದಿತ್ತು," ಎಂದಳು. "ಅಪ್ಪಂಗೆ ಹಾವು ಅಂದ್ರೆ ಏನನ್ಸುತ್ತೋ ಅಂತ ಹೇಳಿರ್ಲಿಲ್ಲ."

ನಾನು ಕೇಳಿಬಿಟ್ಟೆ. "ಆ ಎರಡು ವಾರ ಹ್ಯಾಂಗಿದ್ದನವಾ ಅವ?"

ಅವಳು ಲೋಟ ಕೆಳಗಿಟ್ಟಳು.

"ಮೊದಲ ವಾರ ಬರೀ ಕೆಮ್ಮು. ಆಫೀಸಲ್ಲಿ ಎಲ್ಲರಿಗೂ ಇತ್ತು. ನಂಗೂ ಇತ್ತು. ನಾನು ಶೀತ ಅಂತಾನೇ ಅಂದ್ಕೊಂಡೆ ಮಾವ. ಎರಡನೇ ವಾರ ಅರ್ಜೆಂಟ್ ಕೇರ್ ಕ್ಲಿನಿಕ್‌ಗೆ ಕರ್ಕೊಂಡು ಹೋದೆ. ವೈರಲ್, ರೆಸ್ಟ್ ಮಾಡಿ ಅಂದ್ರು. ನೋಡು, ಸುಮ್ನೆ ಹೆದರಿಸ್ತೀಯ ಅಂತ ನನ್ನನ್ನೇ ರೇಗಿಸ್ದ. ಬಂದು ಇಲ್ಲೇ ಕೂತು ಮೀಟಿಂಗ್ ಮಾಡ್ದ. ಆಮೇಲೊಂದಿನ ಮೆಟ್ಟಿಲು ಹತ್ತೋವಾಗ ಅರ್ಧಕ್ಕೆ ಕೂತ್ಕೊಂಡ. ಆವಾಗ ಆಂಬುಲೆನ್ಸ್ ಕರೆದೆ." ಮಣ್ಣು ಮೆತ್ತಿದ ಬೆರಳನ್ನು ಒರೆಸಿಕೊಂಡು ಹೇಳಿದಳು, "ಒಂದಿನ ಮುಂಚೆ ಕರೆದಿದ್ರೆ ಅಂತ ಅನ್ಸುತ್ತೆ. ದಿನಾ ಅನ್ಸುತ್ತೆ. ನಿಮಗೂ ಅನ್ಸತ್ತೆ ಅಂತ ನಂಗೊತ್ತು."

ಕಿಟಕಿಯ ಹೊರಗೆ ಯಾರದೋ ನಾಯಿ ಬೊಗಳುತ್ತಿತ್ತು.

"ನಾ ಇದ್ದಿದ್ರೂ ಶೀತ ಅಂತನೇ ತಿಳೀತಿದ್ದೆ," ಎಂದೆ. "ಶುಂಠಿ ಕಷಾಯ ಮಾಡಿ ಕೊಟ್ಟು, ಮಲಕೋ ಅಂತಿದ್ದೆ."

ಅವಳು ಅತ್ತಳು. ನಾನೂ. ಚಹಾ ಆರಿಹೋಗಿತ್ತು. ಕೆಳಗೆ ಹೋಗಿ ಮತ್ತೆ ಮಾಡಿಕೊಂಡು ಬಂದೆ, ಈ ಸಲ ಏಲಕ್ಕಿ ಹಾಕಿ.

ಮಾರ್ಚ್ 22, ಶನಿವಾರ

ಡಾಕ್ಟರು ಉಸಿರು ಸ್ವಚ್ಛವಾಗಿದೆ ಎಂದರು. ಮಣ್ಣಿನ ಮಾದರಿಯನ್ನು ಒಂದು ಡಬ್ಬಿಯಲ್ಲಿ ಒಯ್ದಿದ್ದೆ. ಕೈಯಲ್ಲಿ ಹಿಡಿದು, ಮೂಸಿ, ಊದಿ ನೋಡಿ, ಆಗಬಹುದು ಎಂದರು. ಪೂರ್ತಿ ಒಣಗಿದ ಮೇಲೆ ಬಿಡಿ, ಊಟವನ್ನು ಮಣ್ಣಿನ ಮೇಲೆ ಇಡಬೇಡಿ, ತಟ್ಟೆಯಲ್ಲಿ ಕೊಡಿ ಎಂದರು.

ಹುಗ್ಗಿ ಬಡಕಲಾಗಿದ್ದಾಳೆ. ಜನವರಿಯಿಂದ ಏನೂ ತಿಂದಿಲ್ಲ.

ಮಾರ್ಚ್ 30, ಭಾನುವಾರ

ಯುಗಾದಿ. ವರ್ಷ ತುಂಬಿಲ್ಲ, ನಮಗೆ ಹಬ್ಬವಿಲ್ಲ. ಗಾರ್ಗಿಯ ಅಮ್ಮ ಮೈಸೂರಿನಿಂದ ಫೋನ್ ಮಾಡಿದರು. ನನ್ನ ತಂಗಿ ಧಾರವಾಡದಿಂದ ಮಾಡಿದಳು, ಟಿಕೆಟ್ ಯಾವ ತಾರೀಖಿಗೆ ಎಂದು ಮತ್ತೆ ಕೇಳಿದಳು. ಏಪ್ರಿಲ್ ಇಪ್ಪತ್ತೊಂದಕ್ಕೆ ಎಂದೆ. ವೀಸಾದ ಆರು ತಿಂಗಳು ಅಷ್ಟು ಹೊತ್ತಿಗೆ ಮುಗಿಯುತ್ತದೆ.

ಮಣ್ಣು ಒಣಗಿತ್ತು. ನಾಲ್ಕು ಬೆರಳು ದಪ್ಪ ಒತ್ತಿ, ಮೇಲೆ ಸ್ವಲ್ಪ ಸಡಿಲ ಬಿಟ್ಟಿದ್ದೆ. ಕಾಗದದಿಂದ ಎತ್ತಿ ಹುಗ್ಗಿಯನ್ನು ನಡುವೆ ಇಟ್ಟೆ. ಮೊದಲು ಅಲುಗಲಿಲ್ಲ. ನಾಲಗೆ ಆಡಿಸಿದಳು. ಆಮೇಲೆ ಮೂಗನ್ನು ಒಂದು ಕಡೆ ತಗ್ಗಿಸಿ ಒತ್ತಿದಳು. ತಲೆ ಹೋಯಿತು, ಕುತ್ತಿಗೆ ಹೋಯಿತು, ಮಚ್ಚೆಗಳು ಒಂದೊಂದಾಗಿ ಇಳಿದವು. ಕಡೆಗೆ ಬಾಲ. ಮಣ್ಣು ಕುಸಿಯಲಿಲ್ಲ.

ನಾನೂ ಗಾರ್ಗಿಯೂ ಬರಿಯ ಮಣ್ಣು ನೋಡುತ್ತ ಕೂತಿದ್ದೆವು. ಇಷ್ಟು ನೆಮ್ಮದಿಯ ಯುಗಾದಿ ಬಹಳ ವರ್ಷದಿಂದ ಕಂಡಿರಲಿಲ್ಲ.

ಏಪ್ರಿಲ್ 5, ಶನಿವಾರ

ಹುಗ್ಗಿ ಉಂಡಳು. ಫ್ರೀಜರಿನಲ್ಲಿಟ್ಟಿದ್ದ ಇಲಿಮರಿಯ ಹಿಮ ಕರಗಿಸಿ, ಬೆಚ್ಚಗೆ ಮಾಡಿ, ತಟ್ಟೆಯಲ್ಲಿಟ್ಟು ಗಾರ್ಗಿ ಹೊರಗೆ ಹೋದಳು. ಅವಳಿಗೆ ಅದನ್ನು ನೋಡಲಾಗುವುದಿಲ್ಲ. ನಾವು ಈರುಳ್ಳಿಯನ್ನೂ ಹಬ್ಬದ ದಿನ ಮುಟ್ಟದ ಜನ. ನಾನು ನೋಡುತ್ತ ನಿಂತಿದ್ದು, ಮುಗಿದ ಮೇಲೆ ಕೂಗಿ ಹೇಳಿದೆ, "ತಟ್ಟಿ ಖಾಲಿ ಆತು." ಅವಳು ಮೆಟ್ಟಿಲಲ್ಲೇ ಕೂತಿದ್ದಳು.

ಏಪ್ರಿಲ್ 12, ಶನಿವಾರ

ಜಯ್ ಬಂದ. ಒಳ್ಳೆಯ ಹುಡುಗ. ಬೂಟು ಬಿಚ್ಚಿ ಬಂದು, ಅತುಲ್‌ನ ವಿಷಯ ಕೇಳಿ ಬಹಳ ಬೇಸರವಾಯಿತು ಎಂದು ನನ್ನ ಕೈ ಹಿಡಿದು ಹೇಳಿದ. ಪ್ಲಾಸ್ಟಿಕ್ ಡಬ್ಬಿ ತಂದಿದ್ದ, ತಳಕ್ಕೆ ಆಸ್ಪೆನ್ ಚಕ್ಕೆ ಹಾಸಿ ಗಾಳಿಗೆ ತೂತು ಮಾಡಿದ್ದ. ಯಾವ ತಪ್ಪೂ ಇರಲಿಲ್ಲ ಅದರಲ್ಲಿ.

ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು ಮಣ್ಣನ್ನು ನೋಡಿದ. ಯಾರು ಮಾಡಿದ್ದು ಎಂದ. ಗಾರ್ಗಿ ನನ್ನತ್ತ ತೋರಿಸಿದಳು. ಅವನು ಮುಚ್ಚಳ ತೆಗೆದು, ತೋಳು ಮೇಲೆ ಮಡಚಿ, "ಎಲ್ಲಿದ್ದಾಳೋ, ಅಗೆದೇ ತೆಗೆಯಬೇಕು," ಎಂದು ಕೈ ಚಾಚಿದ.

"ಜಯ್, ಒಂದ್ನಿಮಿಷ," ಎಂದಳು ಗಾರ್ಗಿ.

ಅವನು ಕೈ ಹಿಂದೆಗೆದುಕೊಂಡ. ಅವಳು ಏನೋ ಹೇಳಲು ಹೊರಟು ನಿಂತಳು. ನಾನು ಮಾತಾಡಲಿಲ್ಲ. ಇನ್ನು ಒಂಬತ್ತು ದಿನಕ್ಕೆ ನಾನು ಹೋಗುವವನು. ನೀರಿಡುವವಳು, ಇಲಿಮರಿ ಕರಗಿಸುವವಳು, ಈ ಕೋಣೆಗೆ ದಿನಾ ಬರಬೇಕಾದವಳು ಅವಳು. ಇರಲಿ ಎನ್ನುವುದು ನನಗೆ ಸುಲಭ.

"ಇವಳನ್ನ ಕೊಡಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಸಾರಿ. ಇದಕ್ಕೇ ಅಂತ ಬಂದಿದ್ದೆ ನೀನು. ಇವಳು ನಮ್ಮನೇಲೇ ಇರ್ತಾಳೆ."

ಜಯ್‌ಗೆ ಬೇಸರವಾದಂತೆ ಕಾಣಲಿಲ್ಲ. ಉಪ್ಪಿಟ್ಟು ತಿಂದ, ಎರಡನೇ ಸಲ ಹಾಕಿಸಿಕೊಂಡ. ಮಣ್ಣಿನಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಕೇಳಿಕೊಂಡು ಹೋದ.

ತಟ್ಟೆ ತೊಳೆಯುವಾಗ ಗಾರ್ಗಿ ಹೇಳಿದಳು, "ನವೆಂಬರಲ್ಲಿ ವರ್ಷಾಂತಿಕ ಇಲ್ಲೇ ಮಾಡೋಣ ಮಾವ. ನೀವು ಬನ್ನಿ. ಚಳಿ ಅಂತ ತಪ್ಪಿಸ್ಕೋಬೇಡಿ."

"ಬರತೇನಿ," ಎಂದೆ.

ಏಪ್ರಿಲ್ 21, ಸೋಮವಾರ
ನ್ಯೂವರ್ಕ್ ವಿಮಾನ ನಿಲ್ದಾಣ

ಇನ್ನೂ ಗೇಟಿಗೆ ಕರೆದಿಲ್ಲ. ವಿಮಾನ ತಡವಾಗಿದೆಯಂತೆ. ಬೆಳಿಗ್ಗೆಯೇ ಗೊತ್ತಾಗಿದ್ದರೆ ಅಷ್ಟು ಅವಸರಪಡಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ನಾವು ಅವಸರಪಡಲೂ ಇಲ್ಲ.

ಸೂಟ್‌ಕೇಸು ಕಾರಿಗೆ ಹಾಕಿ ಆಗಿತ್ತು. ಮಣ್ಣನ್ನು ನೋಡಿಕೊಳ್ಳುವುದು ಹೇಗೆಂದು ಗಾರ್ಗಿಗೆ ಕಡೆಯ ಸಲ ಹೇಳೋಣವೆಂದು ಕೋಣೆಗೆ ಹೋದೆವು. ನೀರಿನ ಬಟ್ಟಲು ಚೆಲ್ಲಿದರೆ ಆ ಕಡೆಯ ಮಣ್ಣು ತೇವ ಕುಡಿಯುತ್ತದೆ, ಅದು ಉಳಿದರೆ ಹುಗ್ಗಿಯ ಎದೆಗೆ ಒಳ್ಳೆಯದಲ್ಲ. ಕಣ್ಣಿಗೆ ಕಾಣುವುದಿಲ್ಲ, ಕೈಯಿಟ್ಟೇ ನೋಡಬೇಕು. ಬೆರಳಿಗೆ ಅಂಟಿದರೆ ಆ ಮಣ್ಣು ತೆಗೆದು ಬೇರೆ ಹಾಕು ಎಂದೆ.

ಗಾರ್ಗಿ ಇಂಜೆಕ್ಷನ್ ಕೊಟ್ಟಿದ್ದಾಳೆ, ಆದರೆ ಹಿಡಿದವನು ನಾನು. ಅವಳು ಬರಿಗೈಯಿಂದ ಒಮ್ಮೆಯೂ ಹುಗ್ಗಿಯನ್ನು ಮುಟ್ಟಿರಲಿಲ್ಲ. ತೋಳು ಮಡಚಿದಳು. ಬಟ್ಟಲಿನ ಪಕ್ಕಕ್ಕೆ ಬೆರಳು ಇಳಿಸಿದಳು, ಆಮೇಲೆ ಅಂಗೈ, ಮಣಿಕಟ್ಟಿನವರೆಗೆ.

"ಅಂಟ್ತಾ ಇಲ್ಲ," ಎಂದಳು.

"ಹಂಗಾದ್ರ ಸರಿ ಅದ."

ಅವಳು ಕೈ ಹೊರಗೆ ತೆಗೆಯಲು ಹೊರಟವಳು ಹಾಗೆಯೇ ನಿಂತಳು. ಮಣ್ಣಿನ ಮೇಲೆ ಏನೂ ಕಾಣಿಸಲಿಲ್ಲ, ಒಂದು ಗೆರೆ ಮಾತ್ರ ತುಸು ಉಬ್ಬಿ ಇಳಿಯಿತು.

"ಮಾವ," ಎಂದಳು ಬಹಳ ಮೆಲ್ಲಗೆ. "ಇಲ್ಲಿದಾಳೆ. ಬೆರಳಿನ ಮಧ್ಯದಲ್ಲಿ ಹೋಗ್ತಾ ಇದಾಳೆ."

ಅಂಜಿಕೆಯಾದರೆ ಕೈ ತೆಗೆ ಎಂದೆ. ಅವಳು ತಲೆಯಾಡಿಸಿ ಬೇಡವೆಂದಳು. ಹೆಗಲ ಚೀಲವನ್ನು ಇಳಿಸಿ ನೆಲದ ಮೇಲಿಟ್ಟು ಅತುಲ್‌ನ ಕುರ್ಚಿಯಲ್ಲಿ ಕೂತೆ. ಹೊತ್ತಾಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.